ಕೊಸರು

ಪೀಣ್ಯ ಎರಡನೇ ಹಂತದ ಷೆಡ್ಡಿನಲ್ಲಿ
ಬೆಳಗ್ಗೆ ಟೂಲ್ ಬ್ಯಾಗು ಕೊಡವಿದರೆ
ಸ್ಪ್ಯಾನರುಗಳ ಸಂದಿಯಿಂದ ಮರಳು.
ಬಿಳಿ. ರವೆಗಿಂತ ತುಸು ದಪ್ಪ.
ಸ್ಟೋರಿನ ಚನ್ನಿಗಪ್ಪನವರು ಕನ್ನಡಕ ಏರಿಸಿ,
"ಮಜಾ ಮಾಡ್ಕೊಂಡ್ ಬಂದ್ರಾ, ಮೇಡಂ?"

ಮಜಾ.
ಮೀನು ತೂಗುವ ಯಂತ್ರದ ಹೊಟ್ಟೆಗೆ ಕೈ ತೂರಿಸಿ
ನಾಲ್ಕು ದಿನ ತುಕ್ಕು ಕೆರೆದೆ, ಸ್ವಾಮಿ.
ಕಡಲು ಕಂಡದ್ದು ಬಟ್ಟೆ ಹರವುವಾಗ.
ಬಟ್ಟೆಯೂ ಒಣಗಲಿಲ್ಲ.

ದೇವನಹಳ್ಳಿಯಲ್ಲೇ ಶುರುವಾಗಿತ್ತು.
ನನ್ನ ಪೆಟ್ಟಿಗೆಯಲ್ಲಿ ತೂಕದ ಬಟ್ಟುಗಳು:
ಐದು ಕಿಲೋದವು ಎರಡು, ಎರಡರದ್ದೊಂದು, ಚಿಲ್ಲರೆ.
ಕೌಂಟರಿನ ಹುಡುಗಿ ಹೆಚ್ಚುವರಿ ಕಟ್ಟಿ ಎಂದಳು.
ಇಣುಕಿ ನೋಡಿದೆ, ಯಂತ್ರ ನಮ್ಮದೇ ಕಂಪನಿಯದ್ದು.
ಸರಿಯಾಗಿಯೇ ತೋರಿಸುತ್ತಿತ್ತು,
ಜಗಳಕ್ಕೆ ಬಾಯಿಲ್ಲ.
ಮುಂದೆ ತಪಾಸಣೆಯಲ್ಲಿ ತೆರೆಯ ಮೇಲೆ
ಗುಂಡಗೆ, ಕರ್ರಗೆ ಕಂಡು ಬೆಲ್ಟು ನಿಂತಿತು.
"ಏನಿದು?"
"ತೂಕ."
"ಎಷ್ಟು ಅಂತ ಕೇಳ್ಲಿಲ್ಲ. ಏನು ಅಂತ."
"ಅದೇ ಸಾರ್, ತೂಕ."

ಅಗತ್ತಿಯ ಐಸ್ ಪ್ಲಾಂಟಿನ ಪೂಕುಂಞಿ ಕೋಯನಿಗೆ
ನನ್ನ ಮುರುಕು ಮಲಯಾಳದಲ್ಲಿ ವಿವರಿಸಿದೆ:
ಬೆಂಗಳೂರಲ್ಲಿ ಪಳಗಿಸಿದ ಯಂತ್ರ
ಇಲ್ಲಿ ಕೊಂಚ ಸುಳ್ಳಾಡುತ್ತದೆ, ಅದರ ತಪ್ಪಲ್ಲ.
ನಮ್ಮೂರು ಮೂರು ಸಾವಿರ ಅಡಿ ಮೇಲೆ,
ಭೂಮಿ ನಮ್ಮನ್ನು ಒಂದೆಳೆ ಸಡಿಲ ಹಿಡಿದಿದೆ.
ಕಡಲಿಗಿಳಿದರೆ ಮುಷ್ಟಿ ಬಿಗಿ.
ಅರವತ್ತು ಕಿಲೋದ ನಾನು ನಿಮ್ಮಲ್ಲಿ
ಹತ್ತು ಗ್ರಾಂ ಜಾಸ್ತಿ.

ಆತ ಸೂರೆಮೀನಿನ ಕಿವಿರು ಹಿಡಿದುಕೊಂಡೇ ಯೋಚಿಸಿದ.
"ಅಂದರೆ ಇಷ್ಟು ದಿನ ನಮಗೆ ಹೆಚ್ಚು ದುಡ್ಡು ಬಂತೇ?"
"ಹತ್ತು ಕಿಲೋಗೆ ಎರಡು ಗ್ರಾಂ."
"ಬಾಲ ಕತ್ತರಿಸಿ ಕೊಡುತ್ತೇನೆ, ತಗೊಂಡು ಹೋಗಿ."

ಹಡಗು ಬಾರದೆ ಒಂಬತ್ತು ದಿನ.
ಅನ್ನ ಮೀನು, ಅನ್ನ ಮೀನು, ತೆಂಗು.
ತರಕಾರಿ? ಎಂದೆ ಮೂರನೆಯ ರಾತ್ರಿ.
ಅಡುಗೆಯ ಸೈನಬಿ ಡಬ್ಬಿ ತೆರೆದು
ಮೊಳಕೆ ಬಂದ ಒಂದು ಈರುಳ್ಳಿ ತೋರಿಸಿ
ಮತ್ತೆ ಮುಚ್ಚಿಟ್ಟಳು, ಒಡವೆಯ ಹಾಗೆ.
ಆಮೇಲೆ, ಕೇಳಲೋ ಬೇಡವೋ ಎಂಬಂತೆ,
"ಮುಂದಿನ ಸಲ ಕೊತ್ತಂಬರಿ ಸೊಪ್ಪು ತರ್ತೀರಾ?
ಬಾಡಿದ್ದಾದರೂ ಪರವಾಗಿಲ್ಲ. ವಾಸನೆ ಇದ್ದರಾಯ್ತು."

ಸಿಗ್ನಲ್ಲು ಜೆಟ್ಟಿಯ ತುದಿಯಲ್ಲಿ ಮಾತ್ರ.
ಬೆಳದಿಂಗಳಲ್ಲಿ, ನನ್ನ ಕಾಲಿನ ಕೆಳಗೇ,
ಆಮೆಯೊಂದು ಮೇಲೆದ್ದು
ಮುದುಕರ ಹಾಗೆ ಉಸಿರುಬಿಟ್ಟು ಮುಳುಗಿತು.
ಹೇಳೋಣವೆಂದು ಬಾಯಿ ತೆರೆದೆ.
ಅತ್ತ ಕಡೆಯಿಂದ ಗಂಡ:
"ಕುಕ್ಕರಿನ ಗ್ಯಾಸ್ಕೆಟ್ ಎಲ್ಲಿಟ್ಟಿದೀಯ?"
ಎರಡನೇ ಡ್ರಾಯರು, ಎಂದೆ.
ಆಮೆಯ ವಿಷಯ ಇನ್ನೂ ಹೇಳಿಲ್ಲ.

ಸಂಜೆ ಲಗ್ಗೆರೆ. ಬಸ್ಸಿಳಿದರೆ ಧೂಳು, ಹಾರನ್ನು,
ಮೇಲ್ಸೇತುವೆಯ ಕೆಳಗೆ ಮುನಿಲಕ್ಷ್ಮಮ್ಮನ ಗೋಣಿಚೀಲ.
ಅವಳದು ಎರಡು ತಟ್ಟೆಯ ಹಳೇ ತಕ್ಕಡಿ,
ಕಾಲು ಕಿಲೋಗೆ ಸವೆದ ಕಬ್ಬಿಣದ ತುಂಡು.
ವೃತ್ತಿಯ ಕಣ್ಣು ಅಲ್ಲಿಗೇ ಹೋಗುತ್ತದೆ:
ಎಷ್ಟು ಸವೆದಿದೆ, ಸೀಲು ಯಾವ ವರ್ಷದ್ದು.
ಆದರೂ ಈ ತಕ್ಕಡಿಗೆ ಬೆಟ್ಟವೂ ಒಂದೇ, ದ್ವೀಪವೂ ಒಂದೇ.
ಬದನೆ ಹಗುರಾದಲ್ಲಿ ಕಬ್ಬಿಣವೂ ಹಗುರ.
ಇದನ್ನು ಸರಿಪಡಿಸಲು
ಯಾರೂ ವಿಮಾನ ಹತ್ತಬೇಕಿಲ್ಲ,
ನನ್ನ ಸಂಬಳಕ್ಕೆ ಒಳ್ಳೆಯ ಸುದ್ದಿಯಲ್ಲ.

"ಕೊತ್ತಂಬರಿ ನಾಲ್ಕು ಕಟ್ಟು. ಬೇರು ಇರಲಿ."
"ಯಾರ ಮನೆ ಮದ್ವೆ?"
"ಗುರುವಾರ ಊರಿಗೆ ಹೋಗ್ಬೇಕು."
ಊರು ಎಂದದ್ದು ನನಗೇ ಆಮೇಲೆ ಕೇಳಿಸಿತು.

ಅವಳು ನಿನ್ನೆಯ ಪೇಪರಿಗೆ ನೀರು ಚಿಮುಕಿಸಿ
ಬೇರುಗಳನ್ನು ಕೂಸಿನ ಕಾಲಿನಂತೆ ಸುತ್ತಿದಳು.
ಸಾಲದೆಂದು ಒಂದು ಹಿಡಿ ಕರಿಬೇವು ಮೇಲಿಟ್ಟಳು,
ತೂಗಲಿಲ್ಲ.