ಮಲಗೇತಿ ಅಂತಾನ

ಆರಿಸೀನವ್ವಾ ಅಂತಾನ ಸಂಗನಬಸು.
ಆರಿಲ್ಲ. ಮಗ್ಗದ ಕುಣಿ ಆಚೆ, ಟಿವಿ ಕೆಳಗ
ಜ್ವಾಳದ ಕಾಳಿನಷ್ಟ ದೀಪ, ಕಿತ್ತಳಿ ಬಣ್ಣದ್ದು,
ರಾತ್ರಿಯೆಲ್ಲ ಕಣ್ಣು ಬಿಟ್ಟಕೊಂಡು.
ಮಲಗೇತಿ ಅದು, ಬಂದ್ ಆಗಿಲ್ಲ,
ಎರಡಕ್ಕೂ ಫರಕ್ ಐತಿ ಅಂತಾನ.
ಇರಬಹುದು. ನಮ್ಮ ಮನಿಯಾಗ ಮಲಗಿದವರು
ಯಾರೂ ಕರೆಂಟ್ ತಿನ್ನೂದಿಲ್ಲ.

ಬೆಳಗಾವಿ ಕ್ಯಾಂಪಿನ ಹವಾಲ್ದಾರ ಹುಂದ್ರೆ
ವರ್ಗ ಆಗಿ ಹೋಗುವಾಗ ಮಾರಿದ ಪೆಟಿಗಿ.
ಏಳು ಸಾವಿರ, ಎರಡು ಕಂತು.
ಎರಡು ರಿಮೋಟು, ಒಂದರ ಗುಂಡಿ ಒಳಗ ಕುಂತದ್ದು,
ಒಂದು ಫುಟ್‌ಬಾಲ್ ಆಟದ ಡಿಸ್ಕು,
ಮತ್ತ ಅವನ ಹೆಸರು.
ಹೆಸರು ಅಳಸಬ್ಯಾಡ್ರಿ ಅಂದಿದ್ದ,
ಅದರಾಗ ಇಪ್ಪತ್ತಾರು ಆಟ ಅದಾವು, ಆಡಲಿ ಹುಡುಗ.
ಹಂಗಾಗಿ ದಿನಾ ಸಂಜೀಕ ಗುಳೇದಗುಡ್ಡದ ಈ ಓಣ್ಯಾಗ
ಸ್ವಾಗತ ಹುಂದ್ರೆ ಅಂತ ಟಿವಿ ಕರೀತಿತ್ತು,
ನನ್ನ ಮಗ ಸಲೂಟ್ ಹೊಡೀತಿದ್ದ.

ಬೆಳಗಿನ ಮೂರಕ್ಕ ಗುರ್ ಅಂತ ಪಂಖ ತಿರಗತೈತಿ.
ಯಾರೋ ಕಂಡಿಕಿ ಸುತ್ತಾಕ ಕುಂತಾರೇನೋ ಅಂತ ಎದ್ದು ಕುಂದರತೀನಿ.
ಅಪ್‌ಡೇಟ್ ಬಂದಿತ್ತವ್ವಾ, ಮುಂಜಾನೆ ಹೇಳತಾನ.
ನಿನ್ನಿ ಕಾಲುಹಾದಿ ಇದ್ದಲ್ಲಿ ಇವತ್ತ ಹಳ್ಳ.
ಒಂದು ಕುದುರಿ ಕುಂಟತಿತ್ತಂತ, ಈಗ ಕುಂಟೂದಿಲ್ಲ.
ಅಲ್ಲೋ ತಮ್ಮಾ, ನಾನು ನೇದ ಖಣ ಕೊಂಡಾಕಿ ಮನಿಗೆ
ನಡುರಾತ್ರಿ ಹೊಕ್ಕು, ಟ್ರಂಕ್ ತೆಗದು
ಅಂಚು ಬದಲಿ ಮಾಡಿ ಬಂದ್ರ
ನನ್ನ ಸುಮ್ನ ಬಿಡತಾರೇನು?

ಒಂದಿನ ಮಲಗಸೂದು ಮರತ.
ಹುಂದ್ರೆ ಹೆಸರಿನ ಬಾಜೂಕ ಹಸರು ಚುಕ್ಕಿ, ಬೆಳತನಕ.
ಕೊಲ್ಲಾಪುರದ ಯಾವನೋ ಗೆಳ್ಯಾ ಬರದಿದ್ದ:
ನಿದ್ದೀನ ಮಾಡೂದಿಲ್ಲೇನೋ?
ನನ್ನ ಮಗ ಭಾಳ ಹೊತ್ತು ವಿಚಾರ ಮಾಡಿ ಬರದ:
ಡ್ಯೂಟಿ.

ಸೀಗಿ ಹುಣ್ಣಿವಿ ಮರುದಿನ
ಇಪ್ಪತ್ತಾರಕ್ಕೂ ಬೀಗದ ಗುರುತು.
ಫೋನ್ ಹಚ್ಚಿದ್ರ ಹುಂದ್ರೆ ನಕ್ಕ, ಸಿಟ್ಟಿಲ್ಲ, ಮೋಸ ಇಲ್ಲ:
ಇಲ್ಲೆ ಜಬಲಪುರದಾಗ ಹೊಸಾದು ತಗೊಂಡೆ ಬಾಳಾ,
ಇದು ನಿನ್ನ ಮನಿ ಏನು ಅಂತ ಕೇಳಿತು,
ಹೌದು ಅಂತ ಒತ್ತಿದೆ.
ಅಷ್ಟ.
ನಮ್ಮ ಮನಿ ಅವತ್ತ ಯಾರ ಮನೀನೂ ಅಲ್ಲದಾತು.
ಮಗ ವೈಫೈ ಬಂದ್ ಮಾಡಿ ನೋಡಿದ,
ಕೇಳಾಕ ಬಿಡದಿದ್ರ ಹಂಗ ತೆಗೀಬಹುದೇನೋ ಅಂತ.
ತೆಗೀಲಿಲ್ಲ. ಕೇಳದ ತೆಗೆಯೂದು ಅದರ ಜಾಯಮಾನ ಅಲ್ಲ.

ನನಗ ಈ ಬೀಗದ ಗುರುತು ಹಳೇದು.
ಕುಣಿ ನಂದು, ಕುಣಿಯಾಗಿನ ಕಾಲು ನಂದು,
ಎಳಿ ಸಾವುಕಾರಂದು.
ಸೂಜಿಮಲ್ಲಿಗಿ ಹೂ ಯಾರೋ ಎಣಿಸಿಟ್ಟ ಲೆಕ್ಕ.
ಮೂವತ್ತೆರಡು ವರ್ಷ ನೇದೀನಿ,
ಟ್ರಂಕಿನಾಗ ಇರೂದು ಪ್ಯಾಟ್ಯಾಗ ಕೊಂಡ ಎರಡು ಖಣ.
ಇದನ್ನ ಹೇಳಬೇಕು ಅಂದುಕೊಂಡೆ.
ಹದಿನೈದರ ಹುಡುಗಗ ಏನು ಹೇಳೂದು,
ಸುಸಲಾ ಮಾಡಿ ಕೊಟ್ಟೆ.

ಡಿಸ್ಕಿನ ಆಟ ಮಾತ್ರ ಯಾರನ್ನೂ ಕೇಳದ ಶುರುವಾತು.
ಅದರಾಗ ಓಡುವವರೆಲ್ಲ ಈಗ ಆಟ ಬಿಟ್ಟು
ಹೊಟ್ಟಿ ಬೆಳಿಸ್ಯಾರಂತ. ಅಲ್ಲಿ ಇನ್ನೂ ತೆಳ್ಳಗ ಅದಾರ.
ಗುಂಡಿ ಕುಂತ ರಿಮೋಟು ನನ್ನ ಕೈಯಾಗ ಕೊಟ್ಟ.
ಕೈಕಿಂತ ಮೊದಲ ಕಾಲು ತುಳಿದವು, ರೂಢಿ ನೋಡ್ರಿ.
ನಾನು ಹೊಡದದ್ದು ನಮ್ಮ ಗೋಲಿಗೇ.
ಬಿದ್ದು ಬಿದ್ದು ನಕ್ಕ.

ಅವತ್ತ ರಾತ್ರಿ ಪ್ಲಗ್ ಕಿತ್ತಿಟ್ಟೆ.
ಮಲಗೂದಾದ್ರ ನೆಟ್ಟಗ ಮಲಗಲಿ ಅಂತ.
ನೀರು ಕುಡ್ಯಾಕ ಎದ್ದಾಕಿ ಸೀದಾ ಕುಣ್ಯಾಗ ಬಿದ್ದೆ,
ಮೊಣಕಾಲು ತರದು ಹೋತು.
ಮರುದಿನ ನಾನ ಹಚ್ಚೀನಿ, ಮಗಗ ಹೇಳಿಲ್ಲ.

ಈಗ ಮತ್ತ ಕಾಣತೈತಿ ಕೊಡದ ತನಕ ಹಾದಿ,
ಕಿತ್ತಳಿ ಬಣ್ಣ, ಕೊಡದ ಹೊಟ್ಟಿ ಮ್ಯಾಲೂ ಒಂದು ಚುಕ್ಕಿ.
ಅದು ನಿದ್ದಿಗಣ್ಣಾಗ ಕೇಳತಿರಬೇಕು ಯಾರನ್ನೋ,
ಇದು ಯಾರ ಮನಿ, ಇದು ಯಾರ ಮನಿ.
ನಾನು ತಂಬಗಿ ಎತ್ತಿ ನೀರು ಕುಡೀತೀನಿ,
ಸಪ್ಪಳಾಗಧಂಗ.