ಗೆಣಸಿನ ನುಚ್ಚು

ಶಿವರಾತ್ರಿ ಮುಗಿದು ಮೂರು ದಿನ.
ಚಿಟಗುಪ್ಪ ಸಂತ್ಯಾಗ ಗೆಣಸು ಕೇಳವರಿಲ್ಲ.
ಉಪಾಸ ಮುಗೀತು, ಗೆಣಸಿನ ಮರ್ಯಾದಿ ಮುಗೀತು.
ಗುದ್ದಲಿ ತಾಗಿದ್ದು, ಇಲಿ ಕಡದದ್ದು, ಬೆರಳಿನಷ್ಟೇ ಇದ್ದದ್ದು
ಮೂರು ಚೀಲ ಆರಿಸಿ ಹೊತ್ತಳು ರೂತಮ್ಮ.
ಎಮ್ಮಿಗೇನು? ಅಂದ್ರ
ಹಕ್ಕಿಗೆ, ಅಂದಳು.
ಅಡವಿ ಬುರ್ಲಿ ಅಲ್ಲ ಮತ್ತ, ಫಾರ್ಮಿನ ಮರಿ.

ಕೆಂಪು ಮಣ್ಣು ತೊಳದು, ಹೋಳು ಹೆಚ್ಚಿ,
ಒಂದು ಕುದಿ ಕುದಿಸಿ, ಪತ್ರಾದ ಮ್ಯಾಲ ಹರವಿ ನಾಲ್ಕು ಬಿಸಲು.
ಮುರದ್ರ ಟಕ್ ಅನಬೇಕು.
ಹಂಗ ಒಣಗಿಸಿ ಗಿರಣಿಗೆ ತಂದಳು.

ನಾನು ಕಂಟೆಪ್ಪ.
ಜ್ವಾಳ, ಗೋದಿ, ಹಬ್ಬಕ್ಕ ಕಡ್ಲಿಬ್ಯಾಳಿ, ಇಷ್ಟೇ ನನ್ನ ಕಲ್ಲಿಗೆ ಗೊತ್ತು.
ಕೊಳ್ಳಾಗ ಲಿಂಗ ಅದ.
ಹಕ್ಕಿ ಮೇವು ಒಡದ ಕಲ್ಲಿನಾಗ
ನಾಳಿಗೆ ಮಂದಿ ರೊಟ್ಟಿಹಿಟ್ಟು ಬೀಸ್ಯಾರೇನು?
ಇದು ಗೆಣಸರೀ, ಅಂದಳು.
ಮೊನ್ನಿ ನೀವು ಬೆಲ್ಲ ಹಚ್ಚಿ ತಿಂದದ್ದೇ.

ಖರೇ ಮಾತು. ಬೆಲ್ಟ್ ಹಾಕಿದೆ.

ಮೊದಲ ಸಲ ಸಣ್ಣ ಬೀಸಿಬಿಟ್ಟೆ, ಮೈದಾದಂಗ.
ಎಂಟು ದಿನಕ್ಕ ಸಿಟ್ಟಿಲೆ ತಿರುಗಿ ಬಂದಳು:
ಹಿಟ್ಟು ಚುಂಚಿಗೆ ಅಂಟಿ ಸಿಮೆಂಟ್ ಆಗ್ಯಾದ,
ಮುನ್ನೂರು ಚುಂಚು, ಒಂದೊಂದೇ ಹಿಡದು
ಒದ್ದಿ ಅರಿವಿಲೆ ಒರಸೀನಿ ರಾತ್ರಿ ಪೂರಾ.
ನುಚ್ಚು ಒಡೀರಿ. ಸಜ್ಜಿಕಾಳಿನಷ್ಟು.
ಕಲ್ಲಿನ ನಟ್ ಒಂದು ಸುತ್ತು ಸಡ್ಲ ಮಾಡಿದೆ.

ಮೆಕ್ಕಿಜ್ವಾಳದ ರೇಟು ಆಕಿ ಬೆರಳ ತುದ್ಯಾಗ.
ನಾಲ್ಕು ಪಾಲಿನಾಗ ಒಂದು ಪಾಲು ತಗದು ಗೆಣಸು ಹಾಕಬೇಕು,
ಅರ್ಧ ಹಾಕಿದ್ರ ಹೊಟ್ಟಿ ತುಂಬತದ, ಎದಿ ತುಂಬಂಗಿಲ್ಲ,
ಅದಕ್ಕ ಸೋಯಾ ಹಿಂಡಿ, ಒಣಮೀನಿನ ಪುಡಿ.
ಮೀನು ಮನ್ಯಾಗೇ ಬೆರಸ್ತೀನಿ, ಅಂಜಬ್ಯಾಡ್ರಿ.
ಚೀಲದ ಬಾಯಿ ಕಟ್ಟಿಕೋತ ಅಂದಳು:
ಮರುಭೂಮ್ಯಾಗ ಹಸದವರ ಮುಂದ
ಲಾವಕ್ಕಿ ಬಂದು ಬಿದ್ವು ಅಂತಾರ ನಮ್ಮ ಪಾದ್ರಿ.
ಅವಕ್ಕ ಮೇವು ಯಾರು ಹಾಕಿದ್ರು,
ಅದೊಂದು ಹೇಳಂಗಿಲ್ಲ.

ಮೂವತ್ತೈದನೇ ದಿನ ಬುಟ್ಟಿ ತಂದಳು.
ನಿಮ್ಮ ಕಾಟಾ ಖರೇ ತೂಗತದ, ಜರಾ ನೋಡ್ರಿ.
ಅರಿವಿ ಚೀಲದಾಗ ಒಂದು ಹಕ್ಕಿ, ತಗಡಿನ ಮ್ಯಾಲ.
ಕೆಂಪು ಅಂಕಿ: ನೂರಾ ಎಪ್ಪತ್ತೆಂಟು.
ನೂರಾ ಎಂಬತ್ತೊಂದು. ಎಪ್ಪತ್ತೊಂಬತ್ತು. ಮತ್ತ ಎಂಬತ್ತು.
ನಿಲ್ಲವಲ್ಲದು.
ಕಾಟಾ ಕೆಟ್ಟದೇನೋ ಅಂತ ತಟ್ಟಿ ನೋಡಿದೆ.
ಕಾಟಾ ಅಲ್ಲರೀ, ಅಂದಳು,
ಅದರ ಎದಿ.

ನನ್ನ ಕೈಯಾಗ ಕೊಟ್ಟಳು.
ಒಲಿ ಬೂದ್ಯಾಗಿಂದ ಈಗಷ್ಟೇ ತಗದ ಗೆಣಸು,
ಅಷ್ಟೇ ಬಿಸಿ, ಅಷ್ಟೇ ಗುಂಡಗ.
ಇದು ಮಾತ್ರ ನನ್ನ ನೋಡ್ಲತಿತ್ತು.

ಸಂಜಿಗೆ ಹೈವೇ ಢಾಬಾದ ಅಜರ್ ಬಂದ ಐಸ್ ಡಬ್ಬಿ ಹಿಡಕೊಂಡು.
ಬಟೇರ್ ಅಂತಾನ ಅವ.
ಕೊಯ್ದು ಹಸನ ಮಾಡಿದ್ದು ತೂಗ್ಲಿಕ್ಕ ನನ್ನ ಕಾಟಾ ಕೇಳಿದ.
ಒಲ್ಲೆ ಅನ್ನಲಿಲ್ಲ.
ಮಾರಿ ತಿರುವಿದೆ, ಕಿವಿ ಅಲ್ಲೇ ಇತ್ತು.
ನೂರಾ ಇಪ್ಪತ್ತಾರು, ಓದಿದ.
ಕಾದೆ.
ಮತ್ತೊಂದು ಅಂಕಿ ಬರಲಿಲ್ಲ.

ರಾತ್ರಿ ತಗಡು ಎರಡು ಸಲ ತೊಳದೆ.
ಕಲ್ಲು ತೊಳ್ಯಾಕ ಬರಂಗಿಲ್ಲ,
ಬೊಗಸಿ ಜ್ವಾಳ ಹಾಕಿ ತಿರುವಿ ಅದೇ ಹಿಟ್ಟು ಮನಿಗೆ ಒಯ್ದೆ.
ಮುಂಜಾನಿ ರೊಟ್ಟಿ ಮುರದು ಹೆಂಡತಿ ಕೇಳಿದಳು,
ಹಿಟ್ಟು ಯಾಕೋ ಸೀ ಅದಲ್ಲ?
ಹೊಸ ಜ್ವಾಳ, ಅಂದೆ.