ಸೊನೆ ತಿಂದ ಬೆರಳು

ಬೈಕಂಪಾಡಿಯ ಗೇರುಬೀಜ ಕಾರ್ಖಾನೆಯ ಗೇಟಿನಲ್ಲಿ
ಮೂರು ವರ್ಷ ಬೆರಳೊತ್ತಿ ನಿಂತವಳು ನಾನು.
ದಿನಾ ಬೆಳಿಗ್ಗೆ ಯಂತ್ರ ಕೇಳುತ್ತಿತ್ತು: ಯಾರು?
ಹೆಬ್ಬೆರಳನ್ನು ತಲೆಕೂದಲಿಗೆ ಉಜ್ಜಿ, ಸೆರಗಿಗೆ ಒರಸಿ
ಮತ್ತೆ ಒತ್ತಿದರೂ ಅದೇ ಕೆಂಪು.
ಎಂತ ಮಾಡುವುದು ಮಾರಾಯ್ರೆ,
ಇಪ್ಪತ್ತೆರಡು ವರ್ಷದ ಸೊನೆ
ಗೆರೆಗಳನ್ನೆಲ್ಲ ತಿಂದು ಬಾಯಿ ಒರಸಿಕೊಂಡಿದೆ.
ಬೀಜ ಅವರದ್ದೇ, ಸೊನೆ ಅವರದ್ದೇ,
ಗುರುತು ಮಾತ್ರ ನಾನು ತರಬೇಕು.

ವಾಚ್‌ಮನ್ ಲಾದ್ರು ಪೊರ್ಬು ಪುಸ್ತಕದಲ್ಲಿ ಬರೆದು ಒಳಗೆ ಬಿಡುತ್ತಿದ್ದರು:
"ಜಲಜಾಕ್ಷಿ. ಬೆರಳು ಇಲ್ಲ, ಆಳು ಹೌದು."

ಈಗ ಮೊಬೈಲು.
ಆಫೀಸಿನ ಹುಡುಗ ಎಡಕ್ಕೆ ತಿರುಗಿ ಅಂದ, ಬಲಕ್ಕೆ ಅಂದ,
ಕಣ್ಣು ಮುಚ್ಚಿ ಬಿಡಿ ಅಂದ.
ನನ್ನನ್ನು ನೋಡಲು ಬಂದ ಗಂಡಿನವರೂ ಇಷ್ಟು ನೋಡಿರಲಿಲ್ಲ.
"ಮುಖ ಕಂಪೆನಿಗೆ ಹೋಗುವುದಿಲ್ಲ ಅಕ್ಕಾ,
ನಿಮ್ಮ ಫೋನಿನೊಳಗೇ ಇರ್ತದೆ."
ಹೌದಾ? ಅಂತ ಎರಡು ಸಲ ಕೇಳಿದೆ.

ಕಾರ್ಡಿನ ಕಾಲದಲ್ಲಿ ವಾರಿಜಳ ಬಸ್ಸು ತಪ್ಪಿದರೆ
ಅವಳದ್ದನ್ನೂ ನಾನೇ ಉಜ್ಜುತ್ತಿದ್ದೆ.
ಮೊನ್ನೆ ಕೂಳೂರು ಸಂಕದಲ್ಲಿ ಸಿಕ್ಕಿಬಿದ್ದು ಫೋನು ಮಾಡಿದಳು.
ಮುಖ ಕಡ ಕೊಡಲಿಕ್ಕೆ ಬರುವುದಿಲ್ಲ ಮಾರಾಯ್ತಿ, ಅಂದೆ.
ಅವಳ ಅರ್ಧ ದಿನದ ಸಂಬಳ ಹೋಯಿತು.
ಸಿಟ್ಟು ನನ್ನ ಮೇಲೆ.

ರಾತ್ರಿ ಎಣ್ಣೆ ಹಚ್ಚುವಾಗ ಬೆರಳು ನೋಡುತ್ತೇನೆ,
ಹೊಳೆಯ ಕಲ್ಲಿನ ಹಾಗೆ ನುಣ್ಣಗೆ.
ಚಾಪೆಯ ಪಕ್ಕ ಫೋನು;
ಮೂಲೆ ಒಡೆದಿದೆ, ನಾಲ್ಕು ಕಂತು ಬಾಕಿ ಉಂಟು.
ಸುಮ್ಮನೆ ಎತ್ತಿ ಮುಖಕ್ಕೆ ಹಿಡಿದೆ.
ಕತ್ತಲೆಯಲ್ಲೂ ತೆರೆಯಿತು.
ಒಳಗೆ ಹೋಗಲಿಕ್ಕೆ ಗೇಟೇ ಇರಲಿಲ್ಲ.
ಮೊಮ್ಮಗಳು ಎದ್ದಾಳೆಂದು
ಬೋರಲು ಮಲಗಿಸಿದೆ, ಫೋನನ್ನು.